ಗದ್ದಲ, ಗಾರ್ಡನ್, ಗಟಾರ: ಓಣಿ ತಕರಾರಿಗೆ ಯಾವ ಬಾಗಿಲು ಬಡಿಯಬೇಕು?

ಹುಬ್ಬಳ್ಳಿ-ಧಾರವಾಡದ ಯಾವ ಓಣಿಗೆ ಹೋದರೂ ಜಗಳದ ವಿಷಯ ಹೆಚ್ಚುಕಡಿಮೆ ಇವೇ. ರಾತ್ರಿ ಹನ್ನೊಂದಾದರೂ ಡಿಜೆ ನಿಂತಿಲ್ಲ. ಗಾರ್ಡನ್ ಜಾಗದಲ್ಲಿ ಯಾರೋ ತಗಡಿನ ಶೆಡ್ ಹಾಕಿದ್ದಾರೆ. ಕಾಂಕ್ರೀಟ್ ರಸ್ತೆ ಬಂತು, ಅದರ ಹಿಂದೆಯೇ ಮಳೆ ನೀರು ಮನೆಯೊಳಗೆ ಬಂತು. ಪಕ್ಕದವರ ಕಾರು ದಿನಾ ನಮ್ಮ ಗೇಟಿಗೆ ಅಡ್ಡ.

ಇಂಥ ಹೊತ್ತಿನಲ್ಲಿ ಕೆಲವರು ವರ್ಷಗಟ್ಟಲೆ ಸಹಿಸಿಕೊಂಡು, ಒಂದು ದಿನ ಬೀದಿಗಿಳಿದು ಕೂಗಾಡುತ್ತಾರೆ. ಇನ್ನು ಕೆಲವರು ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೊ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಎರಡರಿಂದಲೂ ಗಟಾರ ಸ್ವಚ್ಛ ಆಗುವುದಿಲ್ಲ. ನಾನು ನೋಡಿದ ಮಟ್ಟಿಗೆ ತಕರಾರು ಕೆಡುವುದು ತಪ್ಪು ಬಾಗಿಲು ಬಡಿದಾಗ. ಮಾತಿನಲ್ಲಿ ಮುಗಿಯುವುದನ್ನು ಠಾಣೆಗೆ ಒಯ್ಯುತ್ತೇವೆ. ನಕಾಶೆ ತೋರಿಸಿ ಗೆಲ್ಲಬೇಕಾದದ್ದನ್ನು ಮಾತಿನಲ್ಲಿ ಗೆಲ್ಲಲು ಹೋಗುತ್ತೇವೆ.

ಮೊದಲು, ಇದು ಯಾವ ನಮೂನೆಯ ತಕರಾರು?

ತಕರಾರು ಮನುಷ್ಯರ ನಡವಳಿಕೆಯದ್ದೋ, ಜಾಗದ್ದೋ, ಕಾಮಗಾರಿಯದ್ದೋ ಅಂತ ಮೊದಲು ಬೇರೆ ಮಾಡಿ. ಗದ್ದಲ, ಪಾರ್ಕಿಂಗ್, ಗೇಟಿನ ಮುಂದೆ ಕಸ, ಕಟ್ಟೆ ಮೇಲೆ ಕೂತು ಕುಡಿಯುವುದು, ಇವು ನಡವಳಿಕೆ. ಇಲ್ಲಿ ಮೊದಲು ಮಾತು, ಆಮೇಲೆ ಠಾಣೆ. ಗಾರ್ಡನ್, ಮೈದಾನ, ಫುಟ್‌ಪಾತ್, ನಾಲಾ ಒತ್ತುವರಿ ಅಂದರೆ ಜಾಗದ ವಿಷಯ. ಇಲ್ಲಿ ಮೊದಲ ದಿನದಿಂದಲೇ ಕಾಗದ ಬೇಕು. ರಸ್ತೆ, ಗಟಾರ, ಅಗೆದು ಬಿಟ್ಟ ಗುಂಡಿ ಕಾಮಗಾರಿಗೆ ಸೇರಿದ್ದು. ಇದಕ್ಕೆ ಪಾಲಿಕೆಯ ವಲಯ ಕಚೇರಿ.

ನಡವಳಿಕೆಯ ವಿಷಯದಲ್ಲಿ ಒಂದು ಮಾತು. ನಮಗೆ ನೋಡಲು ಹಿಡಿಸದ್ದು ಬೇರೆ, ನಮಗೆ ತೊಂದರೆ ಕೊಡುವುದು ಬೇರೆ. ಗಾರ್ಡನ್ ಬೆಂಚಿನ ಮೇಲೆ ಹುಡುಗ-ಹುಡುಗಿ ಮಾತಾಡುತ್ತಾ ಕೂತರೆ ಅದು ತಕರಾರೇ ಅಲ್ಲ. ಅವರ ವಿಡಿಯೊ ತೆಗೆದು ಗ್ರೂಪಿಗೆ ಹಾಕುವ ಕಾಕಾನ ಮೇಲೆಯೇ ಕೇಸ್ ಆಗಬಹುದು. ಅದೇ ಬೆಂಚಿನ ಕೆಳಗೆ ಬೆಳಿಗ್ಗೆ ಒಡೆದ ಬಾಟಲಿ ಬಿದ್ದಿದ್ದರೆ, ಮಕ್ಕಳು ಬರಿಗಾಲಲ್ಲಿ ಆಡುವ ಜಾಗ ಅದಾಗಿದ್ದರೆ, ಅದು ತಕರಾರು.

ಮಾತಾಡುವುದಕ್ಕೂ ಒಂದು ಹೊತ್ತಿದೆ

ಡಿಜೆ ಬಾರಿಸುತ್ತಿರುವಾಗ ಹೋಗಿ ಮಾತಾಡಬೇಡಿ. ಕಾರು ಅಡ್ಡ ನಿಂತು ನಿಮಗೆ ತಡವಾದ ಆ ಕ್ಷಣದಲ್ಲೂ ಬೇಡ. ಮರುದಿನ ಸಂಜೆ ಹೋಗಿ. ಒಬ್ಬರೇ ಹೋಗಿ, ಜಾಸ್ತಿ ಅಂದರೆ ಇಬ್ಬರು. ಐದು ಮಂದಿ ಬಾಗಿಲಿಗೆ ಬಂದರೆ ಎಂಥ ಒಳ್ಳೆಯವರೂ ಹುಬ್ಬು ಗಂಟಿಕ್ಕುತ್ತಾರೆ, ಅಲ್ವಾ?

“ಕಾಕಾರ, ಚಹಾ ಆತೇನ್ರಿ? ಒಂದ್ ಸಣ್ಣ ಮಾತಿತ್ರಿ. ಮುಂಜಾನೆ ಏಳಕ್ಕ ಹುಡುಗರ ಸ್ಕೂಲ್ ಗಾಡಿ ಬರ್ತೈತ್ರಿ. ಆ ಹೊತ್ತಿಗೆ ನಿಮ್ಮ ಕಾರು ನಮ್ಮ ಗೇಟಿಗೆ ಅಡ್ಡ ಇರ್ತೈತಿ. ಸ್ವಲ್ಪ ಆ ಕಡೆ ಗ್ವಾಡಿಗೆ ಹಚ್ಚಿ ನಿಲ್ಲಿಸಿದ್ರ ನಮಗ ಅನುಕೂಲ ಆಗ್ತೈತಿ ನೋಡ್ರಿ.”

“ಅದಕ್ಕೇನಾತವಾ, ಮೊದಲ ಹೇಳಬಾರದ?”

ಎಲ್ಲ ಸಲ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ, ಖರೆ. ಆದರೆ ಈ ಮಾತಿನಲ್ಲಿ ಏನೇನಿದೆ ನೋಡಿ. ಯಾವ ಹೊತ್ತಿಗೆ ತೊಂದರೆ ಅಂತ ಇದೆ, ಯಾಕೆ ಅಂತ ಇದೆ, ಕಾರು ಎಲ್ಲಿ ನಿಲ್ಲಿಸಬೇಕು ಅಂತಲೂ ಇದೆ. “ನೀವು ಯಾವಾಗ್ಲೂ ಹಿಂಗ” ಅನ್ನುವುದು ಇಲ್ಲ. “ನಿಮ್ಮ ಮಂದಿ ಎಲ್ಲಾ ಹಿಂಗ” ಅನ್ನುವುದಂತೂ ಇರಲೇಬಾರದು. ಜಾತಿ, ಧರ್ಮ ಮಾತಿನೊಳಗೆ ಬಂದ ಕೂಡಲೇ ಕಾರಿನ ವಿಷಯ ಮುಗಿದೇಹೋಗುತ್ತದೆ, ಬೇರೆ ಏನೋ ಶುರುವಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಎಲ್ಲರೆದುರು ಜಾತಿ ಹಿಡಿದು ಬೈದರೆ ಕಾನೂನಿನಲ್ಲಿ ಅದು ಬೇರೆಯೇ, ದೊಡ್ಡ ಅಪರಾಧ.

ಬಾಡಿಗೆಯವರಿಂದ ತೊಂದರೆ ಆದರೆ ನೇರ ಮನೆ ಮಾಲೀಕರಿಗೆ ಫೋನ್ ಹಚ್ಚಬೇಡಿ. ಮೊದಲು ಬಾಡಿಗೆಯವರ ಹತ್ತಿರವೇ ಮಾತಾಡಿ. ಮಾಲೀಕರಿಗೆ ದೂರು ಹೋಯಿತೆಂದರೆ ಮನೆ ಖಾಲಿ ಮಾಡಿಸಲು ಹೊರಟಿದ್ದೀರಿ ಅಂತಲೇ ಅವರು ತಿಳಿಯುತ್ತಾರೆ. ಎರಡು ಸಲ ಹೇಳಿದರೂ ಆಗದಿದ್ದರೆ ಓಣಿಯ ಹಿರಿಯರೊಬ್ಬರನ್ನು ನಡುವೆ ತನ್ನಿ. ನಮ್ಮ ಕಡೆ ಹಳೆಯ ಓಣಿಗಳಲ್ಲಿ ಇನ್ನೂ ಪಂಚರ ಮಾತಿಗೆ ಬೆಲೆ ಇದೆ. ಹೊಸ ಲೇಔಟುಗಳಲ್ಲಿ ಆ ಕೆಲಸಕ್ಕೆ ನಿವಾಸಿಗಳ ಸಂಘ. ಹಿರಿಯರನ್ನು ಆರಿಸುವಾಗ ಎರಡೂ ಕಡೆಯವರ ಮದುವೆಗೆ ಕರೆಯೋಲೆ ಹೋಗುವಂಥವರನ್ನು ಆರಿಸಿ.

ಗದ್ದಲಕ್ಕೆ ಗಡಿಯಾರ ಇದೆ

ಗದ್ದಲದ ವಿಷಯದಲ್ಲಿ ನಿಯಮ ಸ್ಪಷ್ಟ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಗಲಲ್ಲೂ ಲಿಖಿತ ಅನುಮತಿ ಬೇಕು. ಮನೆಗಳಿರುವ ಪ್ರದೇಶಕ್ಕೆ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರಿನವರೆಗೆ ಸರ್ಕಾರ ಶಾಂತ ವಲಯ ಘೋಷಿಸಬಹುದು. ಹಬ್ಬಗಳಿಗೆ ಅಂತ ರಾಜ್ಯ ಸರ್ಕಾರ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಗುಡಿ, ಮಸೀದಿ, ಚರ್ಚು, ಮದುವೆ, ಜನ್ಮದಿನ, ರಾಜಕೀಯ ಸಭೆ, ಎಲ್ಲಕ್ಕೂ ಇದೇ ನಿಯಮ. ಒಬ್ಬರ ಮೈಕಿಗೆ ಮಾತ್ರ ದೂರು ಕೊಟ್ಟು ಇನ್ನೊಬ್ಬರದ್ದಕ್ಕೆ ಕಿವಿ ಮುಚ್ಚಿಕೊಂಡರೆ ನಿಮ್ಮ ದೂರಿಗೆ ತೂಕ ಇರುವುದಿಲ್ಲ.

ರಾತ್ರಿ 10 ದಾಟಿದ ಮೇಲೂ ನಿಲ್ಲದಿದ್ದರೆ 112ಕ್ಕೆ ಕರೆ ಮಾಡಿ. ಎಲ್ಲಿ, ಯಾವ ಗುರುತು, ಎಷ್ಟು ಹೊತ್ತಿನಿಂದ, ಇಷ್ಟು ಹೇಳಿ ಸಾಕು. ಮನೆಯೊಳಗೆ ನಿಂತು ಎರಡು ನಿಮಿಷದ ರೆಕಾರ್ಡಿಂಗ್ ಮಾಡಿಟ್ಟುಕೊಳ್ಳಿ. ಮೊಬೈಲ್ ಆ್ಯಪ್ ತೋರಿಸುವ ಡೆಸಿಬೆಲ್ ಲೆಕ್ಕವನ್ನು ನಂಬಿ ವಾದಕ್ಕಿಳಿಯಬೇಡಿ. ಕಲ್ಯಾಣ ಮಂಟಪದಂಥ ಕಡೆಯಿಂದ ದಿನಾ ತೊಂದರೆ ಇದ್ದರೆ ಪೊಲೀಸ್ ಕಮಿಷನರ್ ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ಒಂದು ಪ್ರತಿ ಧಾರವಾಡದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಲಿ.

ಆದರೆ ಗಣೇಶೋತ್ಸವದ ಡಿಜೆಗೆ ಇದೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಹೊತ್ತು ಬೇರೆ ಇದೆ: ಮಂಡಳಿ ಹುಡುಗರು ಚಂದಾ ಪಟ್ಟಿ ಹಿಡಿದು ಬಾಗಿಲಿಗೆ ಬಂದಾಗ. ಚಂದಾ ಕೊಡಿ, ಕೊಡುತ್ತಲೇ ಕೇಳಿ. ಸ್ಪೀಕರ್ ಯಾವ ಕಡೆ ಮುಖ ಮಾಡಿರುತ್ತದೆ? ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಆ ಕಡೆ ಬೇಡ ಅಂತ ಹೇಳಿ. ರಾತ್ರಿ ಎಷ್ಟಕ್ಕೆ ಬಂದ್ ಮಾಡುತ್ತೀರಿ, ಬಂದ್ ಆಗದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ, ಒಬ್ಬ ಹುಡುಗನ ನಂಬರ್ ಇಸಿದುಕೊಳ್ಳಿ. ಪೆಂಡಾಲ್ ಎದ್ದ ಮೇಲೆ ಈ ಮಾತು ಆಡಿದರೆ ಹಬ್ಬದ ವಿರೋಧಿ ಅನ್ನಿಸಿಕೊಳ್ಳುತ್ತೀರಿ. ಮೊದಲೇ ಆಡಿದರೆ ಚಂದಾ ಕೊಟ್ಟವರ ಮಾತು.

ಇನ್ನು ಹೋಳಿ ಹತ್ತಿರ ಬಂದಾಗ ಸಂಜೆ ಹಲಗಿ ಬಾರಿಸುವ ಹುಡುಗರ ಮೇಲೆ, ಕಾಮನಿಗೆ ಅಂತ ಎರಡು ಕಟ್ಟಿಗೆ, ನಾಲ್ಕು ಕುಳ್ಳು ಎತ್ತಿಕೊಂಡು ಹೋದವರ ಮೇಲೆ ದೂರು ಕೊಡುವವರಿಗೆ ನನ್ನದೊಂದು ವಿನಂತಿ. ಸುಮ್ನೆ ಇರಿ. ಹುಬ್ಬಳ್ಳಿಯಲ್ಲಿ ಇದ್ದೀರಿ.

ಗಾರ್ಡನ್ ಯಾರದ್ದು? ನಕಾಶೆ ಕೇಳಿ

ಜಾಗದ ತಕರಾರಿನಲ್ಲಿ ಓಣಿಯವರು ಮಾಡುವ ವಾದ ಒಂದೇ: “ಇಪ್ಪತ್ತು ವರ್ಷದಿಂದ ಇದು ಗಾರ್ಡನ್ ಜಾಗ, ಎಲ್ಲರಿಗೂ ಗೊತ್ತು.” ಎಲ್ಲರಿಗೂ ಗೊತ್ತಿರುವುದು ಕಚೇರಿಯಲ್ಲಿ ನಡೆಯುವುದಿಲ್ಲ. ಆ ಜಾಗ ಮಂಜೂರಾದ ಲೇಔಟ್ ನಕಾಶೆಯಲ್ಲಿ ಏನೆಂದು ಬರೆದಿದೆ ಅನ್ನುವುದೊಂದೇ ಪ್ರಶ್ನೆ. ಉದ್ಯಾನ ಅಂತಿದೆಯೋ, ಆಟದ ಮೈದಾನ ಅಂತಿದೆಯೋ, ಸಿ.ಎ. ನಿವೇಶನ ಅಂತಿದೆಯೋ? ನೀವು ಗಾರ್ಡನ್ ಅಂದುಕೊಂಡಿದ್ದು ಎಷ್ಟೋ ಸಲ ಸಿ.ಎ. ನಿವೇಶನ ಆಗಿರುತ್ತದೆ. ಅಂದರೆ ಶಾಲೆ, ಆಸ್ಪತ್ರೆ, ಸಮುದಾಯ ಭವನದಂಥ ನಾಗರಿಕ ಸೌಲಭ್ಯಕ್ಕೆ ಮೀಸಲಾದದ್ದು. ಅಲ್ಲಿ ಶಾಲೆಯ ಕಟ್ಟಡ ಬಂದರೆ ತಡೆಯಲು ಆಗುವುದಿಲ್ಲ. ಖಾಸಗಿ ಗೋದಾಮು ಬಂದರೆ ತಡೆಯಬಹುದು.

ನಕಾಶೆ ಎಲ್ಲಿ ಸಿಗುತ್ತದೆ? ಲೇಔಟಿಗೆ ಮಂಜೂರಾತಿ ಕೊಡುವುದು ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಾವು ಹುಡಾ ಅನ್ನುವ ನವನಗರದ ಕಚೇರಿ. ಹಳೆಯ ಊರಿನ ಜಾಗವಾದರೆ ಸಿಟಿ ಸರ್ವೆ ಕಚೇರಿಯಲ್ಲಿ ಸಿ.ಟಿ.ಎಸ್. ನಂಬರ್ (ಆ ಜಾಗದ ಸಿಟಿ ಸರ್ವೆ ನಂಬರ್) ಹೇಳಿ ಉತಾರ (ದಾಖಲೆಯ ಪ್ರತಿ), ನಕಾಶೆ ಎರಡನ್ನೂ ತೆಗೆಸಿ. ಲೇಔಟ್ ಪಾಲಿಕೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ ಅಂತಲೂ ಕೇಳಿ. ಆಗಿರದಿದ್ದರೆ ಪಾಲಿಕೆಯವರು ಪ್ರಾಧಿಕಾರದ ಕಡೆ, ಪ್ರಾಧಿಕಾರದವರು ಪಾಲಿಕೆಯ ಕಡೆ ಕೈ ತೋರಿಸುತ್ತಾರೆ. ನೀವು ನವನಗರಕ್ಕೂ ಪಾಲಿಕೆ ಕಚೇರಿ ಇರುವ ಲ್ಯಾಮಿಂಗ್ಟನ್ ರೋಡಿಗೂ ಓಡಾಡುತ್ತಿರುತ್ತೀರಿ.

ಬಾಯಿಮಾತಿನಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕು. 2005ರ ಕಾಯ್ದೆ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು. ಹೀಗಾಗಿ ಗೋಳು ತೋಡಿಕೊಳ್ಳಲು ಜಾಗ ಇಲ್ಲ. “ಸರ್ವೆ ನಂ. ಇಂಥದ್ದರ ಮಂಜೂರಾದ ಲೇಔಟ್ ನಕಾಶೆಯ ದೃಢೀಕೃತ ಪ್ರತಿ, ಮಂಜೂರಾತಿ ಆದೇಶದ ಪ್ರತಿ, ಪಾಲಿಕೆಗೆ ಹಸ್ತಾಂತರಿಸಿದ ಪತ್ರದ ಪ್ರತಿ ಒದಗಿಸಿ” ಅಂತ ಬರೆದರೆ ಮುಗಿಯಿತು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ನಕಾಶೆಯಲ್ಲಿ ಉದ್ಯಾನ ಅಂತ ಬರೆದಿದ್ದರೆ ನಿಮ್ಮ ಕೈ ಗಟ್ಟಿ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು 1985ರದ್ದೇ ಪ್ರತ್ಯೇಕ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಡೆಯುವುದಿಲ್ಲ ಅಂದಿತು. ಅಲ್ಲಿ ವಾಸ ಇರುವವರಿಗೆ ಪ್ರಶ್ನಿಸುವ ಹಕ್ಕಿದೆ ಅಂತಲೂ ಹೇಳಿತು. “ನೀವ್ಯಾರ್ರೀ ಕೇಳಾಕ?” ಅಂತ ಯಾರಾದರೂ ಅಂದರೆ ಇದನ್ನು ನೆನಪಿಡಿ.

ಗಾರ್ಡನ್ ಮೂಲೆಯಲ್ಲಿ ಒಂದು ಕಲ್ಲು, ಅದಕ್ಕೆ ಅರಿಷಿಣ-ಕುಂಕುಮ, ಆಮೇಲೆ ನಾಲ್ಕು ತಗಡು. ಈ ಸರಣಿ ಎಲ್ಲರಿಗೂ ಗೊತ್ತಿದ್ದದ್ದೇ. ಬೇರೆ ಧರ್ಮದವರದ್ದೂ ಇದೇ ರೀತಿ ಬೇರೆ ಗುರುತಿನಿಂದ ಶುರುವಾಗುತ್ತದೆ. ಉದ್ಯಾನ, ರಸ್ತೆಯಂಥ ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಯಾವ ಧರ್ಮದ ಕಟ್ಟಡಕ್ಕೂ ಅವಕಾಶ ಕೊಡಬಾರದು ಅಂತ 2009ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆದರೆ ಇಲ್ಲಿ ಆದೇಶಕ್ಕಿಂತ ಮುಖ್ಯ, ನೀವು ಎಂದು ಅರ್ಜಿ ಕೊಟ್ಟಿರಿ ಅನ್ನುವುದು. ತಗಡು ಏಳುವ ಮೊದಲೇ, ದಿನಾಂಕ ಕಾಣುವ ಫೋಟೊ ಸಹಿತ, ಪಾಲಿಕೆಗೆ ಕೊಡಿ. ತೆರವು ಮಾಡುವುದು ಪಾಲಿಕೆಯ ಕೆಲಸ. ನೀವು ಕಲ್ಲು ಮುಟ್ಟಲು ಹೋಗಲೇಬೇಡಿ.

ಫುಟ್‌ಪಾತಿನ ತರಕಾರಿ ಗಾಡಿಗೆ ಈ ಲೆಕ್ಕ ಹಚ್ಚಬೇಡಿ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ. ಅವರನ್ನು ಎಬ್ಬಿಸಲು, ಬೇರೆ ಕಡೆ ಕಳಿಸಲು 30 ದಿನದ ನೋಟಿಸ್ ಕೊಡಬೇಕು. ಬೆಳಿಗ್ಗೆ ಅಲ್ಲೇ ಮೆಂತ್ಯೆ ಕೊಂಡು ಸಂಜೆ ಎತ್ತಂಗಡಿಗೆ ಸಹಿ ಹಾಕುವವರು ನಮ್ಮಲ್ಲಿ ಕಡಿಮೆ ಇಲ್ಲ. ದಾರಿ ಬಿಟ್ಟು ಎರಡು ಅಡಿ ಹಿಂದೆ ನಿಲ್ಲಲು ಹೇಳಿದರೆ ಬಹಳ ಸಲ ಅಷ್ಟಕ್ಕೇ ಮುಗಿಯುತ್ತದೆ.

ಇನ್ನು ಗಾರ್ಡನ್ ನಮ್ಮದೇ, ಯಾರು ಯಾವಾಗ ಬಳಸಬೇಕು ಅನ್ನುವುದೇ ಜಗಳ ಆಗಿದ್ದರೆ? ವಾಕಿಂಗ್ ಹಿರಿಯರಿಗೂ ಕ್ರಿಕೆಟ್ ಹುಡುಗರಿಗೂ ನಡೆಯುವ ಯುದ್ಧ ಅದು. ಇದಕ್ಕೆ ಕಾನೂನು ಹುಡುಕಬೇಡಿ. ಬೆಳಿಗ್ಗೆ 5ರಿಂದ 8 ವಾಕಿಂಗ್, ಸಂಜೆ 4ರಿಂದ 6 ಹುಡುಗರ ಆಟ, ಟೆನಿಸ್ ಬಾಲ್ ಮಾತ್ರ, ಈ ಥರ ಬರೆದು ಗೇಟಿಗೆ ಬೋರ್ಡು ಹಾಕಿ. ಬೋರ್ಡು ಬರೆಯುವ ಮೀಟಿಂಗಿಗೆ ಹುಡುಗರನ್ನೂ ಕರೆಯಿರಿ. ಕರೆಯದೆ ಬರೆದ ಬೋರ್ಡು ವಾರದೊಳಗೆ ಸ್ಟಂಪ್ ಆಗಿರುತ್ತದೆ. ಗೇಟಿನ ಕೀಲಿ ಒಬ್ಬರ ಮನೆಯಲ್ಲೇ ಇರುವುದು ಇನ್ನೊಂದು ಕಿರಿಕಿರಿ. ಎರಡು ಕೀಲಿ ಮಾಡಿಸಿ, ಒಂದು ಗಾರ್ಡನ್ ಎದುರಿನ ಅಂಗಡಿಯಲ್ಲಿ ಇರಲಿ.

ಕಾಮಗಾರಿ: ಕಾಂಕ್ರೀಟ್ ಬೀಳುವ ಮೊದಲು

ರಸ್ತೆ ಕೆಲಸ ಶುರುವಾದಾಗ ಖುಷಿಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಕೇಳಬೇಕಾದ ಹೊತ್ತು ಅದೇ. ಹಳೆಯ ರಸ್ತೆ ಅಗೆಯದೆ ಅದರ ಮೇಲೆಯೇ ಕಾಂಕ್ರೀಟ್ ಸುರಿದರೆ ರಸ್ತೆ ಎತ್ತರ ಆಗುತ್ತದೆ, ಮನೆಗಳ ಹೊಸ್ತಿಲು ತಗ್ಗಾಗುತ್ತದೆ. ಮೊದಲ ದೊಡ್ಡ ಮಳೆಗೆ ನೀರು ಎಲ್ಲಿಗೆ ಬರುತ್ತದೆ ಅಂತ ಹೇಳಬೇಕಾಗಿಲ್ಲ. ಆದ್ದರಿಂದ ಜಲ್ಲಿ ಬಂದು ಬಿದ್ದ ದಿನವೇ ವಲಯ ಕಚೇರಿಯ ಎಂಜಿನಿಯರನ್ನು ಕಾಣಿ. ಹಳೆಯ ಪದರ ಎಷ್ಟು ಇಂಚು ತೆಗೆಯುತ್ತೀರಿ, ಮುಗಿದ ಮೇಲೆ ರಸ್ತೆ ನಮ್ಮ ಹೊಸ್ತಿಲಿಗಿಂತ ಎಷ್ಟು ಕೆಳಗಿರುತ್ತದೆ, ನೀರು ಯಾವ ಗಟಾರಕ್ಕೆ ಹೋಗುತ್ತದೆ ಅಂತ ಕೇಳಿ. ಗೋಡೆಯ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆಸಿ ಫೋಟೊ ತೆಗೆದಿಟ್ಟುಕೊಳ್ಳಿ.

ನೀರಿನ ಪೈಪು, ಕೇಬಲ್ ಅಂತ ಅಗೆದ ಕಡೆ ಇನ್ನೊಂದು ಕಥೆ. ನಮ್ಮದು ಎರೆಮಣ್ಣು. ನೀರು ಬಿದ್ದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಅಗೆದ ಮಣ್ಣನ್ನೇ ಹಾಗೆ ತುಂಬಿ ಹೋದರೆ ಮಳೆಗಾಲದಲ್ಲಿ ಆ ಗೆರೆಯುದ್ದಕ್ಕೂ ಕುಸಿದು ಬೈಕಿನ ಗಾಲಿ ಸಿಕ್ಕಿಬೀಳುತ್ತದೆ. ಗರಸು ತುಂಬಿ, ನೀರು ಹೊಡೆದು, ದಮ್ಮಸ್ಸು ಮಾಡಿ ಅಂತ ಕೆಲಸ ನಡೆಯುವಾಗಲೇ ನಿಂತು ಹೇಳಿ.

ಗಟಾರದ ಅರ್ಜಿ ಬರೆಯುವ ಮುಂಚೆ ನಿಮ್ಮ ಗೇಟಿನ ಮುಂದೆ ಒಮ್ಮೆ ನೋಡಿ. ಕಾರು ಒಳಗೆ ಬರಲು ಗಟಾರದ ಮೇಲೆ ಹಾಕಿದ ಸಿಮೆಂಟ್ ಇಳಿಜಾರು ನಿಮ್ಮದೂ ಇದೆಯಾ? ಸ್ವಚ್ಛ ಮಾಡುವವರ ಸಲಿಕೆ ಹೋಗದಿರುವುದು ಬಹುಪಾಲು ಅಲ್ಲೇ. ಮೊದಲು ಅದನ್ನು ತೆಗೆದು ಎತ್ತಿಡುವ ಕಲ್ಲು ಅಥವಾ ಕಬ್ಬಿಣದ ಜಾಳಿಗೆ ಹಾಕಿಸಿ, ಆಮೇಲೆ ಸಹಿ ಹಾಕಿ. ಇಲ್ಲದಿದ್ದರೆ ತಪಾಸಣೆಗೆ ಬಂದವರು ಮೊದಲು ಒಡೆಯುವುದು ನಿಮ್ಮದನ್ನೇ.

ಅರ್ಜಿ ಹೀಗಿರಲಿ

ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ 82 ವಾರ್ಡು, 12 ವಲಯ ಕಚೇರಿ. ನಿಮ್ಮ ವಾರ್ಡ್ ಯಾವ ವಲಯಕ್ಕೆ ಸೇರಿದೆ ತಿಳಿದುಕೊಂಡು ಅಲ್ಲಿಗೇ ಕೊಡಿ. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಹಾಗಾಗಿ ಧಾರವಾಡದವರು ತಮ್ಮ ಹಳೆಯ ಅರ್ಜಿಗಳ ಪ್ರತಿ ಜೋಪಾನ ಮಾಡಿಟ್ಟುಕೊಳ್ಳಿ. ಗದಗ-ಬೆಟಗೇರಿ, ಹಾವೇರಿಯವರಿಗೆ ಪಾಲಿಕೆಯ ಜಾಗದಲ್ಲಿ ನಗರಸಭೆ, ಆಯುಕ್ತರ ಜಾಗದಲ್ಲಿ ಪೌರಾಯುಕ್ತರು.

ಒಂದು ಮಾದರಿ:

“ವಲಯ ಸಹಾಯಕ ಆಯುಕ್ತರಿಗೆ. ವಿಷಯ: 3ನೇ ಅಡ್ಡರಸ್ತೆಯ ಗಟಾರ ತುಂಬಿ ಕೊಳಚೆ ನೀರು ರಸ್ತೆಗೆ ಹರಿಯುತ್ತಿರುವ ಬಗ್ಗೆ. ಮಾನ್ಯರೇ, ಕಿರಾಣಿ ಅಂಗಡಿಯಿಂದ ಹನುಮಪ್ಪನ ಗುಡಿವರೆಗಿನ ಗಟಾರ ಜೂನ್ ಮೊದಲ ವಾರದಿಂದ ಕಟ್ಟಿಕೊಂಡಿದೆ. ಅಂಗನವಾಡಿ ಮಕ್ಕಳು ಇದೇ ದಾರಿಯಲ್ಲಿ ಓಡಾಡುತ್ತಾರೆ. ಗಟಾರ ಸ್ವಚ್ಛಗೊಳಿಸಿ, ತೆಗೆದ ರಾಡಿಯನ್ನು ಅದೇ ದಿನ ಸಾಗಿಸಬೇಕೆಂದು ಕೋರುತ್ತೇವೆ. ಫೋಟೊ ಲಗತ್ತಿಸಿದೆ.”

ಇಷ್ಟೇ. ಬೀದಿದೀಪ, ನಾಯಿ, ಕಸದ ಗಾಡಿ ಇದರಲ್ಲಿ ತುರುಕಬೇಡಿ. ಒಂದು ಅರ್ಜಿಗೆ ಮೂರು ವಿಷಯ ಸೇರಿದರೆ ಮೂರು ಟೇಬಲ್ ಸುತ್ತುತ್ತದೆ. ರಾಡಿಯ ಮಾತು ಬರೆಯಲೇಬೇಕು. ತೆಗೆದ ರಾಡಿ ದಂಡೆಯ ಮೇಲೆಯೇ ಒಣಗುತ್ತಾ ಕೂತು, ಮುಂದಿನ ಮಳೆಗೆ ಮತ್ತೆ ಒಳಗೇ ಹೋಗುವುದನ್ನು ನೋಡದವರು ಯಾರು?

ಸಹಿ ಹಾಕಿಸುವಾಗ ಮನೆ ಯಜಮಾನರ ಹತ್ತಿರ ಮಾತ್ರ ಹೋಗಬೇಡಿ. ಬಾಡಿಗೆಯವರು, ಅಂಗಡಿಯವರು, ಹೆಣ್ಣುಮಕ್ಕಳು ಎಲ್ಲರದ್ದೂ ಇರಲಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು, ದಿನಾಂಕ, ನಂಬರ್ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. “ಇಟ್ಟು ಹೋಗ್ರಿ, ನೋಡ್ತೀವಿ” ಅಂದರೆ ಅದು ಅರ್ಜಿಯೇ ಅಲ್ಲ. ಒಂದು ಪ್ರತಿ ವಾರ್ಡಿನ ಸದಸ್ಯರಿಗೆ ಕೈಯಾರೆ ಕೊಡಿ. ವಾರ್ಡ್ ಸಮಿತಿ ಇದ್ದರೆ ಅದರ ಸಭೆಯಲ್ಲಿ ವಿಷಯ ಎತ್ತಿ. ಎರಡು ವಾರ ಕಳೆದರೂ ಸುದ್ದಿ ಇಲ್ಲದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ, ಆ ಸೀಲಿನ ನಂಬರ್ ಹೇಳಿಯೇ ದೂರು ಬರೆಸಿ.

ಯಾವುದಕ್ಕೂ ಬಗ್ಗದಿದ್ದರೆ

ಸಾರ್ವಜನಿಕರಿಗೆ ತೊಂದರೆ ಕೊಡುವ ಅಡೆತಡೆ ತೆಗೆಸಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. 2024ರ ಜುಲೈ 1ರ ಮೊದಲು ಇದೇ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಆಗಿತ್ತು. ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹೋಗುತ್ತದೆ. ಮಧ್ಯಪ್ರದೇಶದ ರತ್ಲಾಮಿನ ಓಣಿಯವರು ಹಳೆಯ ಕಲಮಿನಡಿ ಗಟಾರದ ಸಲುವಾಗಿ ಹೋರಾಡಿದ್ದರು. ರೊಕ್ಕ ಇಲ್ಲ ಅನ್ನುವ ನೆಪ ಮುನ್ಸಿಪಾಲಿಟಿ ಹೇಳುವಂತಿಲ್ಲ ಅಂತ 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸಿವಿಲ್ ಕೋರ್ಟಿಗೆ ಹೋಗಬೇಕೆಂದರೆ ಇಬ್ಬರು ಅಥವಾ ಹೆಚ್ಚು ಮಂದಿ ಸೇರಿ, ಕೋರ್ಟಿನ ಅನುಮತಿ ಪಡೆದು ದಾವೆ ಹಾಕಬಹುದು. ಹೈಕೋರ್ಟ್ ಪೀಠ ಧಾರವಾಡದಲ್ಲೇ ಇದೆ. ಆದರೆ ಅಷ್ಟು ದೂರ ಹೋಗುವ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸಲಹೆಗೆ ದುಡ್ಡಿಲ್ಲ, ಸಹಾಯವಾಣಿ 15100. ಎದುರಿನವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆಯೂ ಅಲ್ಲಿದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ನಾಳೆ ಬೆಳಿಗ್ಗೆ ಮುಖ ನೋಡಲೇಬೇಕಾದ ಪಕ್ಕದ ಮನೆಯವರ ಜತೆಗಿನ ಜಗಳಕ್ಕೆ ಇದೇ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಕೆಲಸ ಆಯಿತು ಅಂತ ಫೋನ್ ಬಂದ ಕೂಡಲೇ ದೂರು ಮುಗಿಸಲು ಒಪ್ಪಿಗೆ ಕೊಡಬೇಡಿ. ಹೋಗಿ ನೋಡಿ, ಫೋಟೊ ತೆಗೆಯಿರಿ. ಗಟಾರ, ರಸ್ತೆಯ ಕೆಲಸವಾದರೆ ಒಂದು ಮಳೆ ಬರಲಿ, ನೀರು ಎಲ್ಲಿ ನಿಲ್ಲುತ್ತದೆ ನೋಡಿ. ನಿಂತರೆ ಹಳೆಯ ಅರ್ಜಿಯ ನಂಬರನ್ನೇ ಮೇಲೆ ಬರೆದು ಮರುದಿನವೇ ಇನ್ನೊಂದು ಪತ್ರ ಕೊಡಿ.